ಮೊಳೆ ಜೋಡಣೆ ಕಲಿಯುವವರ ಪ್ರಶ್ನೆಗಳು

ಕೈಯಿಂದ ಅಚ್ಚುಮೊಳೆ (ಅಕ್ಷರದ ಸೀಸದ ತುಂಡು) ಜೋಡಿಸಿ ಕಾಲಿನಿಂದ ತುಳಿಯುವ ಅಚ್ಚುಯಂತ್ರವಾದ ಟ್ರೆಡಲ್‌ನಲ್ಲಿ ಅಚ್ಚು ಮಾಡುವುದನ್ನು ಕಲಿಯಲು ಹೊರಟಿರುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ಬಗೆಯವನ್ನು ಕೂಡಿಸಿದ್ದೇವೆ.

ಪ್ರಶ್ನೆ: ಮುಚ್ಚಿದ ಪ್ರೆಸ್ಸೊಂದರಿಂದ ಕನ್ನಡ ಮೊಳೆಯ ಕೇಸುಗಳು (ಅಕ್ಷರಕ್ಕೊಂದು ಮನೆಯಿರುವ ಪೆಟ್ಟಿಗೆ) ಸಿಗುತ್ತಿವೆ. ಟ್ರೆಡಲ್ ಕೂಡ ಕೊಡುತ್ತಾರಂತೆ. ಮೊದಲು ಏನು ತೆಗೆದುಕೊಳ್ಳಲಿ, ಎಷ್ಟು ಮೊಳೆ ಬೇಕು? (ಗದಗ)

ಉತ್ತರ: ಟ್ರೆಡಲ್ ಆರು ತಿಂಗಳು ಕಾಯಲಿ. ಮೊದಲು ಬೇಕಾದದ್ದು ಒಂದೇ ಅಳತೆಯ, ಒಂದೇ ಫೌಂಡ್ರಿಯ (ಎರಕ ಹೊಯ್ಯುವ ಕಾರ್ಖಾನೆಯ) ಮೊಳೆ. 12 ಅಥವಾ 14 ಪಾಯಿಂಟ್ ಆಗಬಹುದು (ಇಂಚಿಗೆ ಸುಮಾರು 72 ಪಾಯಿಂಟ್). ಅದರ ಜೊತೆಗೆ ಸಾಲು ಜೋಡಿಸಲು ಕೈಯಲ್ಲಿ ಹಿಡಿಯುವ ಒಂದು ಕಂಪೋಸಿಂಗ್ ಸ್ಟಿಕ್, ಸ್ಟಿಕ್ಕಿನ ಅಗಲಕ್ಕೆ ಹೊಂದುವ ಹಿತ್ತಾಳೆ ರೂಲ್, ಜೋಡಿಸಿದ ಸಾಲನ್ನಿಡುವ ಎರಡು ಗ್ಯಾಲಿ ತಟ್ಟೆ, ಸಾಲುಗಳ ನಡುವೆ ಇಡುವ ತೆಳು ಪಟ್ಟಿಗಳಾದ 2 ಪಾಯಿಂಟ್ ಲೆಡ್‌ಗಳು, ಎಲ್ಲ ಅಳತೆಯ ಖಾಲಿ ಜಾಗ ತುಂಬುವ ಸ್ಪೇಸು ಮತ್ತು ಕ್ವಾಡು, ಒಂದು ಉಂಡೆ ಗಟ್ಟಿ ದಾರ. ಅಗ್ಗಕ್ಕೆ ಸಿಗುತ್ತದೆಂದು ನಾಲ್ಕು ಫೌಂಡ್ರಿಯ ಬೆರಕೆ ಮೊಳೆ ಕೊಂಡರೆ ಎತ್ತರ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದು ಅಚ್ಚು ಕಪ್ಪು–ಬಿಳಿ ಮಚ್ಚೆಯಾಗಿ ಬರುತ್ತದೆ.

ಮೊಳೆಯ ಲೆಕ್ಕ ತೂಕದಲ್ಲಿ. ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಮೊಳೆ ಒತ್ತಾಗಿ ಜೋಡಿಸಿದರೆ 4 ಚದರ ಇಂಚು ತುಂಬುತ್ತದೆ. 4×6 ಇಂಚಿನ ಪುಟಕ್ಕೆ ಆರು ಪೌಂಡ್, ಹತ್ತಿರ ಹತ್ತಿರ 2.7 ಕಿಲೊ ಬೇಕು. ಆದರೆ ಕೇಸಿನ ಮೊಳೆ ಎಲ್ಲವೂ ಒಂದೇ ಸಮನೆ ಖರ್ಚಾಗುವುದಿಲ್ಲ. ‘ನ’, ‘ದ’, ‘ರು’ ಬೇಗ ಬರಿದಾಗುತ್ತವೆ, ‘ಝ’ ಹಾಗೇ ಕುಳಿತಿರುತ್ತದೆ. ಆದ್ದರಿಂದ ಲೆಕ್ಕದ ಎರಡರಷ್ಟು ಇದ್ದರೆ ಮಾತ್ರ ಒಂದು ಪುಟ ನಿರಾತಂಕವಾಗಿ ಜೋಡಿಸಬಹುದು. ನಡುವೆ ಒಂದು ಅಕ್ಷರ ಮುಗಿದರೆ ಅಷ್ಟೇ ದಪ್ಪದ ಬೇರೊಂದು ಮೊಳೆಯನ್ನು ತಲೆಕೆಳಗಾಗಿ, ಬುಡ ಮೇಲಾಗಿ ಇಡಿ. ಪ್ರೂಫಿನಲ್ಲಿ ಎರಡು ಕರಿ ಪಟ್ಟಿಯಾಗಿ ಎದ್ದು ಕಾಣುತ್ತದೆ, ಆಮೇಲೆ ಬದಲಾಯಿಸಲು ಮರೆಯುವ ಮಾತೇ ಇಲ್ಲ.

ಕೊಳ್ಳುವ ಮುಂಚೆ ಹತ್ತಿಪ್ಪತ್ತು ಮೊಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮುಖದ ಅಂಚು ಉರುಟಾಗಿದ್ದರೆ ಸವೆದಿದೆ. ತಲೆಕಟ್ಟಿನ ತುದಿ ಮತ್ತು ಒತ್ತಕ್ಷರಗಳ ತೆಳು ಗೀಟು ಮೊದಲು ಸವೆಯುವ ಜಾಗ. ಬಿಳಿ ಪುಡಿ ಹಿಡಿದಿದ್ದರೆ ಬಿಟ್ಟುಬಿಡಿ, ಕಾರಣ ಕೊನೆಯ ಉತ್ತರದಲ್ಲಿದೆ.

ಪ್ರಶ್ನೆ: ಇಂಗ್ಲಿಷ್ ಕೇಸ್ ಒಂದು ವಾರದಲ್ಲಿ ಬಾಯಿಪಾಠವಾಯಿತು. ಕನ್ನಡ ಕೇಸ್ ಮಾತ್ರ ತಲೆಗೆ ಹತ್ತುತ್ತಿಲ್ಲ. ಸುಲಭದ ದಾರಿ ಇದೆಯೆ? (ಬೆಂಗಳೂರು)

ಉತ್ತರ: ಮನೆ ಮನೆಯಾಗಿ ಬಾಯಿಪಾಠ ಮಾಡಹೋದರೆ ಹತ್ತುವುದಿಲ್ಲ. ಕನ್ನಡದಲ್ಲಿ 34 ವ್ಯಂಜನ. ಒಂದೊಂದಕ್ಕೂ ತಲೆಕಟ್ಟಿನದು, ಗುಡಿಸಿನದು, ಎತ್ವದ್ದು, ತಲೆಕಟ್ಟಿಲ್ಲದ್ದು ಎಂದು ನಾಲ್ಕೇ ರೂಪ ಹಿಡಿದರೂ 136 ಆಯಿತು. ಇದರ ಮೇಲೆ ಒತ್ತುಗಳು, ಸ್ವರಗಳು, ಕೊಂಬು, ದೀರ್ಘ, ಅರ್ಕಾವತ್ತು, ಅಂಕಿ, ವಿರಾಮಚಿಹ್ನೆ. ಒಂದೊಂದು ಫೌಂಡ್ರಿಯ ಎರಕದಲ್ಲಿ ಈ ವಿಂಗಡಣೆ ಸ್ವಲ್ಪ ಬೇರೆ ಇರುತ್ತದೆ, ಪ್ರೆಸ್ಸಿನಿಂದ ಪ್ರೆಸ್ಸಿಗೆ ಮನೆಗಳ ಜಾಗವೂ ಬದಲು. ನಿಮ್ಮ ಕೈಗೆ ಬಂದ ಕೇಸಿನ ನಕ್ಷೆಯನ್ನು ನೀವೇ ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸುವುದೇ ಮೊದಲ ಪಾಠ.

ಎರಡನೆಯದು, ಪದವನ್ನು ಉಚ್ಚಾರದಿಂದ ಒಡೆಯಬೇಡಿ, ಕಣ್ಣಿಗೆ ಕಾಣುವ ತುಂಡುಗಳಾಗಿ ಒಡೆಯಿರಿ. ‘ಕೋಳಿ’ ಕಿವಿಗೆ ಎರಡು ಅಕ್ಷರ, ಕೈಗೆ ನಾಲ್ಕು ಮೊಳೆ: ‘ಕೆ’, ಅದರ ಬಲಕ್ಕೆ ಕೊಂಬಿನ ದೀರ್ಘ, ಆಮೇಲೆ ದೀರ್ಘದ ಚಿಹ್ನೆ, ಕೊನೆಗೆ ‘ಳಿ’. ‘ಪ್ರೀತಿ’ಯಲ್ಲಿ ‘ಪಿ’ ಮೊದಲು, ರ-ಒತ್ತು ಆಮೇಲೆ, ಅದಾದ ಮೇಲೆ ದೀರ್ಘ, ಆಮೇಲೆ ‘ತಿ’. ‘ಕರ್ನಾಟಕ’ದ ಅರ್ಕಾವತ್ತು ಬಾಯಲ್ಲಿ ‘ನಾ’ಗಿಂತ ಮೊದಲು ಬಂದರೂ ಸ್ಟಿಕ್ಕಿನಲ್ಲಿ ‘ನಾ’ ಆದ ಮೇಲೆ ಕೂರುತ್ತದೆ. ಹೊಸಬರು ತಪ್ಪುವುದು ಇಲ್ಲಿಯೇ. ‘ಪು’, ‘ವು’ಗಳ ಕೊಂಬು ಬೇರೆ ವ್ಯಂಜನಗಳಂತೆ ಪಕ್ಕಕ್ಕೆ ನಿಲ್ಲದೆ ಬುಡದ ಕಡೆ ಸೇರುತ್ತದೆ. ‘ಕು’ವಿನ ಕೊಂಬು ತಂದು ಇಲ್ಲಿ ಹಚ್ಚಿದರೆ ಓದುವವನ ಕಣ್ಣು ತಕ್ಷಣ ಎಡವುತ್ತದೆ.

ಇನ್ನು ಕೇಸ್ ಕೈಗೆ ಹತ್ತಲು ನಿಜವಾದ ದಾರಿ ಜೋಡಿಸುವುದಲ್ಲ, ಬಿಚ್ಚುವುದು. ಯಾರಾದರೂ ಜೋಡಿಸಿಟ್ಟ ಹಳೆಯ ಪುಟ ಸಿಕ್ಕರೆ ಅದನ್ನು ಡಿಸ್ಟ್ರಿಬ್ಯೂಟ್ ಮಾಡಿ. ಮೊಳೆಯನ್ನು ಸ್ವಲ್ಪ ನೀರಿನಿಂದ ತೇವ ಮಾಡಿದರೆ ಒಂದಕ್ಕೊಂದು ಅಂಟಿಕೊಂಡು ಚೆದುರುವುದಿಲ್ಲ. ನಾಲ್ಕೈದು ಸಾಲನ್ನು ಎಡಗೈಯಲ್ಲಿ ನಿಕ್ ಮೇಲಾಗಿ ಹಿಡಿಯಿರಿ (ನಿಕ್ ಎಂದರೆ ಮೊಳೆಯ ಮೈಮೇಲಿನ ಕಚ್ಚು). ಬಲಗೈಯಿಂದ ಒಂದು ಪದದಷ್ಟು ತೆಗೆದು, ಓದಿ, ಒಂದೊಂದನ್ನೂ ಅದರದರ ಮನೆಗೆ ತೀರ ಹತ್ತಿರದಿಂದ ಬಿಡಿ. ಒಂದು ಅಡಿ ಮೇಲಿಂದ ಎಸೆದರೆ ಮುಖ ಜಜ್ಜುತ್ತದೆ. ಒಂದು ಮೊಳೆ ತಪ್ಪು ಮನೆಗೆ ಬಿದ್ದರೆ ಮುಂದಿನ ಪ್ರೂಫಿನಲ್ಲಿ ಒಂದು ತಪ್ಪು ಎಂದೇ ತಿಳಿಯಿರಿ. ದಿನಕ್ಕೆ ಒಂದು ಗಂಟೆಯಂತೆ ಮೂರು ವಾರ ಇದನ್ನೇ ಮಾಡಿದವರಿಗೆ ಗೋಡೆಯ ನಕ್ಷೆ ಬೇಕಾಗುವುದಿಲ್ಲ.

ಪ್ರಶ್ನೆ: ಸ್ಟಿಕ್ಕಿನಲ್ಲಿ ಮೊಳೆ ಓದುವುದು ಹೇಗೆ? ಬಲದಿಂದ ಎಡಕ್ಕೆಯೆ? (ಶಿರಸಿ)

ಉತ್ತರ: ಅಲ್ಲ. ಎಡದಿಂದ ಬಲಕ್ಕೇ, ಆದರೆ ತಲೆಕೆಳಗಾಗಿ. ನಿಕ್ ಮೇಲಿದ್ದರೆ ಅಕ್ಷರ ತಲೆಕೆಳಗಿರುತ್ತದೆ, ಸಾಲು ಮಾತ್ರ ನಾವು ಓದುವ ದಿಕ್ಕಿನಲ್ಲೇ ಸಾಗುತ್ತದೆ. ಕನ್ನಡಿ ಹಿಡಿದು ಅಭ್ಯಾಸ ಮಾಡಿದರೆ ಕಣ್ಣಿಗೆ ಸುಳ್ಳು ಪಾಠವಾಗುತ್ತದೆ. ದ–ಧ–ಥ, ಪ–ಫ–ಷ, ಡ–ಢ, ಬ–ಭ ಗುಂಪುಗಳಲ್ಲಿ ವ್ಯತ್ಯಾಸವೆಲ್ಲ ಒಂದು ಸೀಳು ಅಥವಾ ಚುಕ್ಕೆಯದು. ತಲೆಕೆಳಗಾದಾಗ ಬುಡದ ಸೀಳು ಮೇಲಕ್ಕೆ ಬರುತ್ತದೆ, ಅಲ್ಲೇ ನೋಡಿ. ‘ಮ’ ಮತ್ತು ‘ವು’ ಪ್ರೂಫ್ ತಿದ್ದುವವರಿಗೂ ಕೈಕೊಡುವ ಜೋಡಿ.

ಪ್ರಶ್ನೆ: ಸಾಲು ಸ್ಟಿಕ್ಕಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಪುಟ ಬಿಗಿದು ಎತ್ತಿದರೆ ನಡುವಿನಿಂದ ಮೊಳೆ ಉದುರುತ್ತದೆ. ಬಿಗಿ ಸಾಲದೆ? (ಧಾರವಾಡ, ಮೈಸೂರು)

ಉತ್ತರ: ಹತ್ತರಲ್ಲಿ ಒಂಬತ್ತು ಸಲ ತಪ್ಪು ಇರುವುದು ಬಿಗಿತದಲ್ಲಲ್ಲ, ಸ್ಟಿಕ್ಕಿನಲ್ಲಿ. ಒಂದು ಸಾಲು ಅರ್ಧ ಪಾಯಿಂಟ್ ಉದ್ದವಾದರೂ ಬೆಣೆ ಬಿಗಿದಾಗ ಒತ್ತಡವನ್ನೆಲ್ಲ ಆ ಸಾಲೇ ಹೊತ್ತುಕೊಳ್ಳುತ್ತದೆ, ಮೇಲೆ ಕೆಳಗಿನ ಸಾಲುಗಳಿಗೆ ಏನೂ ತಗಲುವುದಿಲ್ಲ. ಉದುರುವುದು ಸಡಿಲ ಸಾಲು, ತಪ್ಪಿತಸ್ಥ ಪಕ್ಕದ ಉದ್ದ ಸಾಲು. ಮತ್ತಷ್ಟು ಬಿಗಿದರೆ ಇನ್ನಷ್ಟು ಕೆಡುತ್ತದೆ.

ಮೊದಲಿನಿಂದ ನೋಡೋಣ. ಸಾಲಿನ ಅಗಲ 20 ಎಮ್ ಎಂದುಕೊಳ್ಳಿ, ಅಂದರೆ 240 ಪಾಯಿಂಟ್, ಹೆಚ್ಚುಕಡಿಮೆ 84 ಮಿ.ಮೀ. ಸ್ಟಿಕ್ಕಿನ ಮೊಣಕಾಲನ್ನು (ಸಾಲಿನ ಅಗಲ ನಿಲ್ಲಿಸುವ ಜಾರುವ ತಡೆ) ಅಳತೆಪಟ್ಟಿ ಹಿಡಿದು ಕೂರಿಸಬೇಡಿ. 12 ಪಾಯಿಂಟ್ ಎಮ್ ಕ್ವಾಡ್ ಇಪ್ಪತ್ತನ್ನು ಸಾಲಾಗಿ ಇಟ್ಟು, ಅವಕ್ಕೆ ತಾಗುವಂತೆ ಮೊಣಕಾಲು ಸರಿಸಿ ತಿರುಪು ಬಿಗಿಯಿರಿ. ಇಡೀ ಕೆಲಸ ಮುಗಿಯುವ ತನಕ ಆ ತಿರುಪು ಮುಟ್ಟಬಾರದು. ಒಂದೇ ಪುಟವನ್ನು ಇಬ್ಬರು ಜೋಡಿಸುವುದಾದರೆ ಎರಡೂ ಸ್ಟಿಕ್ಕನ್ನು ಅದೇ ಕ್ವಾಡುಗಳಿಂದ ಕೂರಿಸಿ.

12 ಪಾಯಿಂಟ್ ಮೊಳೆಗೆ ಸ್ಪೇಸುಗಳ ಲೆಕ್ಕ ಹೀಗೆ: ಎಮ್ ಕ್ವಾಡ್ 12, ಎನ್ ಕ್ವಾಡ್ 6, ದಪ್ಪ ಸ್ಪೇಸ್ 4, ನಡು ಸ್ಪೇಸ್ 3, ತೆಳು ಸ್ಪೇಸ್ 2.4 ಪಾಯಿಂಟ್. ಪದಗಳ ನಡುವೆ ಮೊದಲು ಎಲ್ಲ ಕಡೆ ದಪ್ಪ ಸ್ಪೇಸ್ ಹಾಕುತ್ತ ಹೋಗಿ. ಐದು ಪದ, ನಾಲ್ಕು ಸಂದು. ಕೊನೆಗೆ 6 ಪಾಯಿಂಟ್ ಖಾಲಿ ಉಳಿಯಿತು. ಮೂರು ಸಂದುಗಳಲ್ಲಿ 4ರ ಬದಲು 6ರ ಎನ್ ಕ್ವಾಡ್ ಹಾಕಿದರೆ ಎರಡೆರಡು ಸೇರಿ ಸಾಲು ತುಂಬಿತು. ಅಲ್ಪವಿರಾಮದ ಮುಂದಿನ ಸಂದು ಹೇಗೂ ಬಿಳಿಯಾಗಿ ಕಾಣುತ್ತದೆ, ಆ ಒಂದನ್ನು ದಪ್ಪ ಸ್ಪೇಸಿಗೇ ಬಿಡಿ. 2 ಪಾಯಿಂಟ್ ಹೆಚ್ಚಾಗಿದ್ದರೆ ಎರಡು ಸಂದುಗಳಲ್ಲಿ 4ರ ಬದಲು 3 ಸಾಕು. ಉಳಿದದ್ದನ್ನೆಲ್ಲ ಸಾಲಿನ ಕೊನೆಯಲ್ಲಿ ತುರುಕುವುದು ಸೋಮಾರಿತನ, ಪುಟದ ಬಲಗಡೆ ಹಲ್ಲು ಬಿದ್ದಂತೆ ಕಾಣುತ್ತದೆ.

ಕನ್ನಡದ ಪದ ಉದ್ದ, ಹಾಗಾಗಿ ಸಂದು ಕಡಿಮೆ. 20 ಎಮ್ಮಿನಲ್ಲಿ ಕೆಲವು ಸಲ ಮೂರೇ ಪದ ಬರುತ್ತವೆ. ಆಗ ಸಂದು ಅಗಲಿಸುವ ಬದಲು ಪದ ಒಡೆಯುವುದೇ ಲೇಸು, ಅಕ್ಷರದ ಗಡಿಯಲ್ಲಿ ಎಲ್ಲಿ ಬೇಕಾದರೂ ಒಡೆಯಬಹುದು. ಒತ್ತು, ಕೊಂಬು, ದೀರ್ಘ, ಅರ್ಕಾವತ್ತು ಮಾತ್ರ ಸಾಲಿನ ಮೊದಲಿಗೆ ಬರಕೂಡದು.

ತುಂಬಿದ ಸಾಲು ಸರಿಯಿದೆಯೇ ಎಂದು ತಿಳಿಯಲು ಸ್ಟಿಕ್ಕನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಹೆಬ್ಬೆರಳಿನಿಂದ ಸಾಲನ್ನು ನೂಕಿ. ಆಧಾರವಿಲ್ಲದೆ ತಾನೇ ನಿಲ್ಲಬೇಕು, ನೂಕಿದರೆ ಜಾರಬೇಕು. ಕೊನೆಯ ಸ್ಪೇಸನ್ನು ಉಗುರಿನಿಂದ ಒತ್ತಿ ಒತ್ತಿ ಇಳಿಸಬೇಕಾಗಿ ಬಂದರೆ ಅದು ಉದ್ದ ಸಾಲು. ಹಾಗೆ ತುರುಕಿದಾಗ ಮೊಣಕಾಲು ಕಾಣದಷ್ಟು ಹಿಂದೆ ಸರಿಯುತ್ತದೆ, ಅಲ್ಲಿಂದ ಮುಂದಿನ ಪ್ರತಿ ಸಾಲೂ ಅಷ್ಟೇ ಉದ್ದವಾಗುತ್ತ ಹೋಗುತ್ತದೆ. ಲೆಡ್‌ಗಳನ್ನೂ ಪರೀಕ್ಷಿಸಿ. ಹತ್ತರಲ್ಲಿ ಒಂದು ಲೆಡ್ ಉದ್ದವಿದ್ದರೂ ಸಾಲುಗಳೆಲ್ಲ ಸರಿಯಿದ್ದೂ ಪುಟ ಉದುರುತ್ತದೆ.

2 ಪಾಯಿಂಟ್ ಲೆಡ್ ಹಾಕಿದ 12 ಪಾಯಿಂಟ್ ಸಾಲು ಹತ್ತಾದರೆ 140 ಪಾಯಿಂಟ್, ಹತ್ತಿರ ಎರಡು ಇಂಚು, ಸ್ಟಿಕ್ ತುಂಬಿತು. ಮೇಲೆ ಕೆಳಗೆ ಒಂದೊಂದು ಲೆಡ್ ಇಟ್ಟು, ಹೆಬ್ಬೆರಳು ತೋರುಬೆರಳುಗಳಿಂದ ಹಿಂದೆಮುಂದೆ ಹಿಡಿದು, ನಡುಬೆರಳನ್ನು ಎರಡು ಕೊನೆಗೆ ಆನಿಸಿ ಗ್ಯಾಲಿಗೆ ಜಾರಿಸಿ. ಎತ್ತುವುದಕ್ಕಿಂತ ಜಾರಿಸುವುದು ಕ್ಷೇಮ. ಪುಟವಾದ ಮೇಲೆ ದಾರವನ್ನು ಒಂದು ಮೂಲೆಯಿಂದ ಶುರುಮಾಡಿ, ಮೊದಲ ಸುತ್ತಿನ ತುದಿಯ ಮೇಲೇ ಹಾಯಿಸಿ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ. ತುದಿಯನ್ನು ಸುತ್ತುಗಳ ಅಡಿಗೆ ರೂಲಿನ ಮೂಲೆಯಿಂದ ಒತ್ತಿ ಸಿಕ್ಕಿಸಿ. ಗಂಟು ಹಾಕಬೇಡಿ, ಬಿಚ್ಚುವಾಗ ಎಳೆದಾಡಿ ಪುಟವೇ ಚೆಲ್ಲುತ್ತದೆ.

ಪ್ರಶ್ನೆ: ಚೇಸಿನಲ್ಲಿ (ಪುಟ ಬಿಗಿಯುವ ಕಬ್ಬಿಣದ ಚೌಕಟ್ಟು) ಬಿಗಿದಾಗ ಪುಟದ ನಡುಭಾಗ ಉಬ್ಬುತ್ತದೆ. (ಹಾಸನ)

ಉತ್ತರ: ಇದು ಅತಿಬಿಗಿತ. ಕಲ್ಲಿನ ಮೇಲೆ ಒಂದು ಕಣ ಕಸವೂ ಇಲ್ಲದಂತೆ ಒರೆಸಿ ಚೇಸ್ ಇಡಿ. ಈಗ ಕಬ್ಬಿಣದ ಮೇಜಾದರೂ ಅಚ್ಚುಕೂಟದಲ್ಲಿ ಅದಕ್ಕೆ ಕಲ್ಲೆಂದೇ ಹೆಸರು. ಎರಡು ಬದಿಗೆ ಮರದ ಪಟ್ಟಿ, ಇನ್ನೆರಡು ಬದಿಗೆ ಪಟ್ಟಿ ಮತ್ತು ಬೆಣೆ. ಪಟ್ಟಿಗಳ ಕೊನೆ ಒಂದಕ್ಕೊಂದು ಗುದ್ದಿಕೊಳ್ಳಬಾರದು. ಗುದ್ದಿಕೊಂಡರೆ ಒತ್ತಡ ಪಟ್ಟಿಗಳ ನಡುವೆಯೇ ಮುಗಿದು ಮೊಳೆಗೆ ತಲುಪುವುದಿಲ್ಲ, ನೀವು ಮತ್ತೆ ಬಿಗಿಯುತ್ತೀರಿ. ಮೊದಲು ಬೆಣೆಗಳನ್ನು ಬೆರಳಿನಲ್ಲಿ ತಿರುವುವಷ್ಟೇ ಬಿಗಿಯಿರಿ. ಪ್ಲೇನರ್ ಹಲಗೆ ಇಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟಿ, ಎದ್ದ ಮೊಳೆ ಕೆಳಗೆ ಕೂರುತ್ತವೆ. ಆಮೇಲೆ ಕೀಲಿಯಿಂದ ಒಂದೊಂದು ಬೆಣೆಗೂ ಸ್ವಲ್ಪ ಸ್ವಲ್ಪವೇ, ಸರದಿಯಂತೆ. ಪೂರ್ತಿ ಬಿಗಿದ ಮೇಲೆ ತಟ್ಟಿದರೆ ಮೊಳೆ ಇಳಿಯುವುದಿಲ್ಲ, ಮುಖ ಮಾತ್ರ ಜಜ್ಜುತ್ತದೆ.

ಚೇಸಿನ ಒಂದು ಮೂಲೆಯನ್ನು ಕೀಲಿಯ ಮೇಲೆ ಆನಿಸಿ ಎತ್ತರಿಸಿ ಪುಟದ ಮೇಲೆಲ್ಲ ಬೆರಳಾಡಿಸಿ ಒತ್ತಿ. ಯಾವ ಸಾಲು ಅಲುಗುತ್ತದೋ ಅದಕ್ಕೆ ಮತ್ತೆ ಸ್ಪೇಸ್ ಹಾಕಬೇಕು. ಬೆಣೆ ಸಡಿಲಿಸದೆ ಚಿಮಟದಿಂದ ಮೊಳೆ ಕೀಳಬೇಡಿ, ಚಿಮಟ ಜಾರಿದರೆ ಪಕ್ಕದ ಅಕ್ಷರಕ್ಕೆ ಗಾಯ.

ಪ್ರಶ್ನೆ: ಟ್ರೆಡಲ್ ಅಚ್ಚಿನಲ್ಲಿ ಒಂದು ಬದಿ ಗಾಢ, ಇನ್ನೊಂದು ಬದಿ ಮಸುಕು. ‘ಥ’, ‘ಧ’ಗಳ ಸೀಳು ಮುಚ್ಚಿಹೋಗುತ್ತದೆ. ಆಳವಾಗಿ ಒತ್ತಿದ ಅಚ್ಚಿಗೆ ಈಗ ಬೇಡಿಕೆ ಇದೆ, ಹಾಗೆ ಒತ್ತಬಹುದೆ? (ಉಡುಪಿ)

ಉತ್ತರ: ಕೊನೆಯದನ್ನೇ ಮೊದಲು ಹೇಳುವುದಾದರೆ, ಬೇಡ. ಕಾಗದದ ಹಿಂದೆ ಕೈಯಾಡಿಸಿದರೆ ಉಬ್ಬು ಸಿಕ್ಕದಿರುವುದೇ ಒಳ್ಳೆಯ ಅಚ್ಚು ಎಂದು ಹಳೆಯ ಮೆಷಿನ್‌ಮನ್‌ಗಳ ಲೆಕ್ಕ. ಲಗ್ನಪತ್ರಿಕೆಗೆ ಆಳದ ಅಚ್ಚು ಬೇಕೇ ಬೇಕೆಂದರೆ ಬ್ಲಾಕಿನಿಂದ (ಬರಹವನ್ನೆಲ್ಲ ಒಂದೇ ತುಂಡಾಗಿ ಕೊರೆದ ಅಚ್ಚು) ಮಾಡಿ. ಸೀಸದ ಮೊಳೆ ಮೆತ್ತಗಿನ ಲೋಹ, ಮತ್ತೆ ಎರಕ ಹೊಯ್ಯುವವರು ಸುಲಭಕ್ಕೆ ಸಿಗುವುದಿಲ್ಲ. ಕನ್ನಡದ ಒತ್ತುಗಳಂತೂ ಕೆಲವು ನೂರು ಪ್ರತಿಗೇ ಚಪ್ಪಟೆಯಾಗಬಹುದು.

ಬದಿ ಮಸುಕಾಗುವುದಕ್ಕೆ ಮೂರು ಕಡೆ ನೋಡಬೇಕು. ಮೊದಲು ರೋಲರ್. ಮೊಳೆಯ ಎತ್ತರ 0.918 ಇಂಚು, ಅಂದರೆ 23.3 ಮಿ.ಮೀ. ಅದೇ ಎತ್ತರದ ಗೇಜನ್ನು ಶಾಯಿ ಹಚ್ಚಿದ ರೋಲರ್ ಅಡಿ ಹಿಡಿದಾಗ ಬೀಳುವ ಶಾಯಿಪಟ್ಟೆ ಸುಮಾರು 3 ಮಿ.ಮೀ. ಅಗಲವಿರಬೇಕು, ಎರಡು ಕೊನೆಯಲ್ಲೂ ಒಂದೇ ಸಮ ಇರಬೇಕು. ಅಗಲ ಹೆಚ್ಚಾದರೆ ರೋಲರ್ ಮೊಳೆಯ ಮೈಗೂ ಶಾಯಿ ಬಳಿಯುತ್ತದೆ, ಸೀಳು ಮುಚ್ಚುವುದು ಬಹುಪಾಲು ಇದರಿಂದಲೇ. ಉಳಿದದ್ದು ಶಾಯಿಯ ಅತಿಯಿಂದ. ಸಣ್ಣ ಟ್ರೆಡಲ್‌ನ ತಟ್ಟೆಗೆ ಕಡಲೆಕಾಳಿನಷ್ಟು ಶಾಯಿಯಿಂದ ಶುರುಮಾಡಿ, ಬೇಕಾದರೆ ಆಮೇಲೆ ಸೇರಿಸಿ. ಸರಿಯಾದ ಪ್ರಮಾಣದಲ್ಲಿ ರೋಲರ್ ತಟ್ಟೆಯ ಮೇಲೆ ಸುಯ್ ಎನ್ನುತ್ತದೆ. ಚಟಪಟ ಎಂದು ಅಂಟಿ ಬಿಡಿಸಿಕೊಂಡ ಸದ್ದು ಬಂದರೆ ಹೆಚ್ಚಾಗಿದೆ.

ಎರಡನೆಯದು ಪ್ಲೇಟನ್, ಅಂದರೆ ಕಾಗದವನ್ನು ಮೊಳೆಗೆ ಒತ್ತುವ ಹಲಗೆ. ಅದರ ಹಿಂದಿನ ಬೋಲ್ಟುಗಳನ್ನು ಪ್ರತಿ ಕೆಲಸಕ್ಕೂ ತಿರುವಬಾರದು. ಚೇಸಿನ ನಾಲ್ಕು ಮೂಲೆಗೆ ಒಂದೇ ಅಳತೆಯ ನಾಲ್ಕು ದೊಡ್ಡ ಅಕ್ಷರ ಬಿಗಿದು, ಮಾಮೂಲಿ ಪ್ಯಾಕಿಂಗ್ ಹಾಕಿ, ನಾಲ್ಕೂ ಒಂದೇ ತೂಕಕ್ಕೆ ಒತ್ತುವಂತೆ ಒಮ್ಮೆ ಹೊಂದಿಸಿ ಬಿಟ್ಟುಬಿಡಿ. ಪ್ಯಾಕಿಂಗ್ ಎಂದರೆ ಮೇಲೆ ಎಣ್ಣೆ ಹಾಳೆ, ಒಳಗೆ ಒಂದು ಗಟ್ಟಿ ರಟ್ಟು, ಮೂರು ನಾಲ್ಕು ನುಣುಪು ಹಾಳೆ. ಮೆತ್ತನೆಯ ವೃತ್ತಪತ್ರಿಕೆ ತುಂಬಿದರೆ ಕಾಗದ ಮೊಳೆಯ ಭುಜದವರೆಗೂ (ಮುಖದ ಸುತ್ತಲಿನ ತಗ್ಗು) ಮುಳುಗಿ ಅಂಚು ಕೊಳಕಾಗುತ್ತದೆ.

ಮೂರನೆಯದು ಮೇಕ್‌ರೆಡಿ, ಅಂದರೆ ಒತ್ತಡವನ್ನು ಎಲ್ಲ ಕಡೆ ಸಮ ಮಾಡುವುದು; ಹೊಸಬರು ಹಾರಿಸುವುದು ಇದನ್ನೇ. ಬೇಕೆಂದೇ ತುಸು ಮಸುಕಾಗಿ ಒಂದು ಪ್ರತಿ ತೆಗೆದು ಹಿಂಬದಿಯಿಂದ ಬೆಳಕಿಗೆ ಹಿಡಿಯಿರಿ. ಒತ್ತು ಬೀಳದ ಜಾಗದ ಸುತ್ತ ಪೆನ್ಸಿಲ್ ಗೆರೆ ಎಳೆದು, ಅಷ್ಟೇ ಆಕಾರದ ಟಿಶ್ಯೂ ಕಾಗದ ಹರಿದು ಅಂಟಿಸಿ. ಕತ್ತರಿಸಬೇಡಿ, ಹರಿದ ಅಂಚು ತೆಳುವಾಗಿ ಕರಗುತ್ತದೆ. ಆ ಹಾಳೆಯನ್ನು ಎಣ್ಣೆ ಹಾಳೆಯ ಕೆಳಗೆ, ಅಚ್ಚು ಬೀಳುವ ಜಾಗಕ್ಕೆ ಕೂದಲೆಳೆ ತಪ್ಪದಂತೆ ಕೂರಿಸಿ. ಒಂದು ಟಿಶ್ಯೂ ದಪ್ಪ 0.025 ಮಿ.ಮೀ. ಆಸುಪಾಸು; ಅಷ್ಟರಲ್ಲೇ ಸತ್ತ ಅಕ್ಷರ ಎದ್ದು ಬರುತ್ತದೆ. ಎರಡು ಮೂರು ಸುತ್ತು ಹೀಗೆ ಮಾಡಬೇಕಾಗುತ್ತದೆ.

ಮೊದಲ ಪ್ರತಿಗೆ ಮುಂಚೆ ಚಕ್ರವನ್ನು ಕೈಯಿಂದಲೇ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಕಾಗದ ಹಿಡಿಯುವ ಗ್ರಿಪ್ಪರ್ ಮೊಳೆಗೆ ತಾಗುವುದಿಲ್ಲವೆಂದು ನೋಡಿ. ತಾಗಿದರೆ ಒಂದೇ ಏಟಿಗೆ ಸಾಲುಸಾಲೇ ಪುಡಿ. ಕಾಗದ ಓರೆಯಾಗಿ ಕೂತರೆ ಕೈ ಹಾಕಿ ಸರಿಪಡಿಸಲು ಹೋಗಬೇಡಿ, ಥ್ರೋ-ಆಫ್ ಸನ್ನೆ ಎಳೆದು ಆ ಒಂದು ಒತ್ತು ಬಿಟ್ಟುಕೊಡಿ. ಹಾಳೆ ಹೋದರೆ ಹೋಗಲಿ.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು. ಸರೇಸು–ಗ್ಲಿಸರಿನ್ ಎರಕದ ಹಳೆಯ ರೋಲರ್ ಮಳೆಗಾಲದಲ್ಲಿ ಗಾಳಿಯ ನೀರು ಕುಡಿದು ಉಬ್ಬುತ್ತದೆ, ಮೈ ಒದ್ದೆಯಾಗಿ ಶಾಯಿಯನ್ನೇ ಹಿಡಿಯುವುದಿಲ್ಲ. ಅದನ್ನು ನೀರಿನಿಂದ ಎಂದೂ ತೊಳೆಯಬಾರದು, ಸೀಮೆಎಣ್ಣೆಯಿಂದ ಒರೆಸಿ. ರಬ್ಬರ್ ರೋಲರ್‌ಗೆ ಈ ಕಾಟ ಇಲ್ಲ. ಶಾಯಿ ಒಣಗುವುದು ಮಾತ್ರ ಎಲ್ಲರಿಗೂ ತಡ, ಪ್ರತಿಗಳನ್ನು ಎತ್ತರಕ್ಕೆ ಪೇರಿಸಬೇಡಿ.

ಪ್ರಶ್ನೆ: ಕನ್ನಡದ ಮೊದಲ ಅಚ್ಚು ಮೊಳೆಯದೋ ಕಲ್ಲಚ್ಚೋ? (ಮಂಗಳೂರು)

ಉತ್ತರ: ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಮೊಳೆಯಲ್ಲೇ ಅಚ್ಚಾಯಿತು. ನಿಮ್ಮ ಊರಿನ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನಿಂದ ಹೊರಟದ್ದು ಕಲ್ಲಚ್ಚಿನಲ್ಲಿ. ಮೊಳೆ ಮೊದಲು ಬಂದಿದ್ದರೂ ಕಲ್ಲಚ್ಚು ಆಮೇಲೆ ಬಳಕೆಯಾದದ್ದು ವಿಚಿತ್ರವಲ್ಲ. ಕಲ್ಲಿಗೆ ಕೈಬರಹವೇ ಸಾಕು, ನೂರಾರು ಬಗೆಯ ಮೊಳೆ ಎರಕ ಹೊಯ್ಯಬೇಕಿಲ್ಲ.

ಪ್ರಶ್ನೆ: ಹೊಸ ಮೊಳೆ ಸಿಗದಿದ್ದರೆ ಪಾಲಿಮರ್ ಪ್ಲೇಟ್ (ಉಬ್ಬಕ್ಷರದ ಪ್ಲಾಸ್ಟಿಕ್ ಹಾಳೆ) ಬಳಸಬಹುದೆ? (ಬೆಂಗಳೂರು)

ಉತ್ತರ: ಧಾರಾಳವಾಗಿ. ಎತ್ತರ ಹೊಂದಿಸಿದರಾಯಿತು. ಪ್ಲೇಟ್ 1.5 ಮಿ.ಮೀ., ಅಂಟುಪಟ್ಟಿ 0.1 ಮಿ.ಮೀ. ಇದ್ದರೆ ಅಡಿಯ ಲೋಹದ ಹಲಗೆ 21.7 ಮಿ.ಮೀ. ಇರಬೇಕು. ಶೀರ್ಷಿಕೆ, ಚಿತ್ರಕ್ಕೆ ಪ್ಲೇಟ್, ಒಳಗಿನ ಸಾಲಿಗೆ ಮೊಳೆ ಎಂದು ಬೆರೆಸಿಯೂ ಬಿಗಿಯಬಹುದು. ಆದರೆ ಪ್ಲೇಟ್‌ನಿಂದ ಶುರುಮಾಡಿದವರು ಸ್ಪೇಸಿನ ಲೆಕ್ಕ ಕಲಿಯುವುದೇ ಇಲ್ಲ.

ಪ್ರಶ್ನೆ: ಮನೆಯಲ್ಲಿ ಮಕ್ಕಳಿದ್ದಾರೆ. ಸೀಸ ಅಪಾಯವೆ? (ತುಮಕೂರು)

ಉತ್ತರ: ಮೊಳೆ ಸೀಸ, ಆಂಟಿಮನಿ, ತವರದ ಬೆರಕೆ, ಹೆಚ್ಚಿನ ಪಾಲು ಸೀಸವೇ. ಗಟ್ಟಿ ಮೊಳೆಯನ್ನು ಕೈಯಲ್ಲಿ ಹಿಡಿಯುವುದರಿಂದ ಆಗುವ ಅಪಾಯ ಕಡಿಮೆ. ಬೆರಳಿನಿಂದ ಬಾಯಿಗೆ ಹೋಗುವುದು, ಧೂಳಾಗಿ ಉಸಿರಿಗೆ ಸೇರುವುದು ಅಪಾಯ. ಕೇಸಿನ ಹತ್ತಿರ ತಿಂಡಿ, ಕಾಫಿ, ಎಲೆಅಡಿಕೆ ಬೇಡ. ಮೊಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವ ಅಭ್ಯಾಸವಂತೂ ಬೇಡವೇ ಬೇಡ. ಎದ್ದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಕೆಲಸದ ಅಂಗಿ ಬೇರೆ ಇರಲಿ. ಕೇಸಿನ ಧೂಳನ್ನು ಬಾಯಿಂದಾಗಲಿ ಬ್ಲೋಯರ್‌ನಿಂದಾಗಲಿ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಿ.

ತೇವದಲ್ಲಿ ಬಹುಕಾಲ ಇಟ್ಟ ಮೊಳೆಯ ಮೇಲೆ ಏಳುವ ಬಿಳಿ ಪುಡಿ ಸೀಸದ ತುಕ್ಕು. ಅದು ಉದುರುವ ವಿಷ, ಮುಖವನ್ನೂ ತಿಂದಿರುತ್ತದೆ. ಅಂಥ ಮೊಳೆಯನ್ನು ಉಜ್ಜಿ ಉಳಿಸಲು ಹೋಗದೆ ಡಬ್ಬದಲ್ಲಿ ಮುಚ್ಚಿ ಲೋಹದವರಿಗೆ ಕೊಡಿ. ಮನೆಯಲ್ಲಿ ಕರಗಿಸುವುದು ಸಲ್ಲದು. ಚಿಕ್ಕ ಮಕ್ಕಳು, ಗರ್ಭಿಣಿಯರು ಈ ಕೋಣೆಗೆ ಬರದಿರುವುದೇ ಸರಿ. ಹತ್ತು ದಾಟಿದ ಮಕ್ಕಳಿಗೆ ಆಸೆಯಿದ್ದರೆ ಮರದ ದೊಡ್ಡ ಮೊಳೆ ಕೊಡಿ, ಜೋಡಿಸುವ ಕ್ರಮ ಅದರಲ್ಲೂ ಅದೇ.